ಒಳಗಿನ ಚಿಲಕ

ವಕೀಲರ ಕಚೇರಿಗಳಿಗೆ ಕಂಪ್ಯೂಟರು ಬಂದಮೇಲೆ ಕಾನೂನಿನ ಪುಸ್ತಕಗಳು ಬೀದಿಗೆ ಬಿದ್ದವು. ಅವಕ್ಕೆ ಹೊಲಿಗೆ ಹಾಕಿ, ರಟ್ಟು ಕಟ್ಟಿ ಕಣ್ಣು ಸವೆಸಿದ್ದ ಬೈಂಡರಮ್ಮನೂ ಜೊತೆಗೇ ಬಿದ್ದಳು. ಕೊಳೆತ ಸರಕನ್ನೇ ಬಂಡವಾಳ ಮಾಡಿಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ; ಆಕೆಗೆ ಬಂತು. ಹಳೆಯ ಸಂಪುಟದ ಅಂಚಿಗೆ ಅಂಟು ಬಳಿದು ಇಟ್ಟಿಗೆಯಂತೆ ಗಟ್ಟಿಮಾಡಿ, ಸಣ್ಣ ಚಾಕುವಿನಿಂದ ಹಾಳೆ ಹಾಳೆಯಾಗಿ ಕೊರೆದು, ಒಳಗೆ ತಕ್ಕಡಿ, ಮೆಟ್ಟಿಲು, ರೆಕ್ಕೆ ಮೂಡಿಸತೊಡಗಿದಳು. ಬದುಕಿದ್ದಾಗ ಯಾರೂ ತೆರೆಯದ ಪುಸ್ತಕಗಳನ್ನು ಸತ್ತಮೇಲೆ ಜನ ಸಾಲುಗಟ್ಟಿ ನೋಡಿದರು.

ಅವಳ ತಮ್ಮ ಮಾಡದ ತಪ್ಪಿಗೆ ವರ್ಷಗಟ್ಟಲೆ ಜೈಲಿನಲ್ಲಿ ವಿಚಾರಣೆ ಕಾದು, ಹೋದ ತಿಂಗಳಷ್ಟೇ ನಿರ್ದೋಷಿಯೆಂದು ಮನೆಗೆ ಬಂದಿದ್ದ. ನ್ಯಾಯ ಸಿಕ್ಕಿತೆಂದು ನೆಂಟರು ಕೈಕುಲುಕಿ ಹೋದರು. ಅಕ್ಕ ಪುಸ್ತಕದ ಉಗ್ರಾಣ ತೆರವು ಮಾಡಿ ಹಾಸಿಗೆ ಹಾಸಿಕೊಟ್ಟಳು. ಅವನು ಮಲಗಲೇ ಇಲ್ಲ; ಮುಚ್ಚಿದ ಬಾಗಿಲಿಗೆ ಬೆನ್ನುಕೊಟ್ಟು ಕೂತೇ ಬೆಳಗು ಮಾಡುತ್ತಿದ್ದ. ಕಣ್ಣು ಗುಳಿಬಿದ್ದವು. ಹೀಗಾದರೆ ಇವನು ಉಳಿಯುವುದಿಲ್ಲವೆಂದು ಅವಳ ಜೀವ ಹಿಡಿಯಷ್ಟಾಯಿತು.

ಬಾಯಿಮಾತಿನ ಸಮಾಧಾನ ಅವಳಿಗೆ ಬಾರದು. ಅವನಿಗೆಂದೇ ದಪ್ಪ ದಂಡಸಂಹಿತೆಯೊಂದನ್ನು ಕೊರೆದಳು: ಒಂದು ಸೆರೆಕೋಣೆ, ಅರ್ಧ ತೆರೆದ ಬಾಗಿಲು, ಹೊಸ್ತಿಲ ಮೇಲೆ 'ಸ್ವಾತಂತ್ರ್ಯ' ಎಂಬ ಅಚ್ಚಿನ ಪದ. ಕಲಾಕೃತಿಗಳ ಅಂಗಡಿಯವನು ಅದನ್ನು ಕಂಡವನೇ, "ಬೈಂಡರಮ್ಮ, ಇದನ್ನ ಇವತ್ತೇ ಒಯ್ತೀನಿ. ಕಣ್ಣೀರಿಗೆ ಈಗ ಒಳ್ಳೇ ಗಿರಾಕಿ" ಎಂದ.

"ತಡೀರಿ, ಮೊದಲು ಇದರ ಯಜಮಾನ ನೋಡ್ಲಿ" ಎಂದು ಅವಳು ತಮ್ಮನನ್ನು ಕರೆದಳು.

ಅವನು ಬಗ್ಗಿ ನೋಡಿ, ಆ ಪುಟ್ಟ ಬಾಗಿಲನ್ನು ಬೆರಳಿಂದ ಮುಟ್ಟಿದ. "ಅಕ್ಕಾ, ಚಿಲಕ ಒಳಗಡೆ ಮಾಡಿದ್ದೀಯ."

ಕೈಯ ರೂಢಿ, ತನ್ನ ಅಡುಗೆಮನೆಯ ಬಾಗಿಲನ್ನೇ ಕೊರೆದಿಟ್ಟಿದ್ದಳು. "ಹೌದಲ್ಲೋ. ಕೊರೆದ ಹಾಳೆ ವಾಪಸ್ ಬರಲ್ವಲ್ಲ."

"ಇರ್ಲಿ ಬಿಡಿ ತಾಯಿ," ಅಂಗಡಿಯವನು ನಕ್ಕ. "ಅದಕ್ಕೂ ಒಂದು ಅರ್ಥ ಹೇಳಿ ಮಾರ್ತೀನಿ."

"ಅಲ್ಲಿ, ಜೈಲಲ್ಲಿ, ಹೊರಗಿರುತ್ತೆ," ಎಂದ ತಮ್ಮ. ಆಮೇಲೆ, ಸಾಲ ಕೇಳುವವನ ಹಾಗೆ ತಲೆ ತಗ್ಗಿಸಿ, "ನನ್ನ ಕೋಣೆಗೂ ಹೊರಗೇ ಇದೆ."

ಉಗ್ರಾಣಕ್ಕೆ ಒಳಚಿಲಕ ಯಾರು ಹಾಕಿಸುತ್ತಾರೆ? ಸರಕೇನು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತದೆಯೇ? ರಾತ್ರಿಯೆಲ್ಲ ಅವನು ಬೆನ್ನುಕೊಟ್ಟು ತಾನೇ ಒಳಚಿಲಕವಾಗಿ ಕೂತಿದ್ದನೆಂದು ಅಕ್ಕನಿಗೆ ಆಗ ಹೊಳೆಯಿತು.

ವ್ಯಾಪಾರವನ್ನು ಅಲ್ಲೇ ಬಿಟ್ಟು ಸ್ಕ್ರೂಡ್ರೈವರ್ ತಂದಳು. ಹೊರಗಿನ ಚಿಲಕ ಬಿಚ್ಚಿ ಒಳಮಗ್ಗುಲಿಗೆ ಜಡಿದಳು. ತಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಲಕ ಸರಿದ ಸದ್ದು. ತೆಗೆದು ಮತ್ತೊಮ್ಮೆ ಸರಿಸಿದ. ಸ್ವಲ್ಪ ಹೊತ್ತಿಗೆ, ತೀರ್ಪಿನ ದಿನವೂ ಅಳದಿದ್ದವನು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು; ಬರಬರುತ್ತ ಅದು ಸಣ್ಣ ಗೊರಕೆಯಾಯಿತು.

"ಏನಮ್ಮ, ಕೊಡ್ತೀರೋ ಇಲ್ವೋ?" ಎಂದ ಅಂಗಡಿಯವನು.

"ಮೆಲ್ಲಗೆ ಮಾತಾಡಿ," ಎಂದಳು ಅಕ್ಕ. "ಮಲಗಿದ್ದಾನೆ."