ಸನ್ಮಾನಕ್ಕೆ ಹೊರಟ ಬಸ್ಸು

ಸುಳ್ಯದ ಬಸ್‌ಸ್ಟ್ಯಾಂಡಿಗೆ ನಾವು ಮುಟ್ಟಿದಾಗ ಬೆಳಿಗ್ಗೆ ಹತ್ತು ದಾಟಿತ್ತು. ಹನ್ನೊಂದಕ್ಕೆ ಪುತ್ತೂರಿನ ಸಭಾಭವನದಲ್ಲಿ ನನ್ನ ಗಂಡನಿಗೆ ಸನ್ಮಾನ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಒಂದೂ ಅಪಘಾತ ಮಾಡದ್ದಕ್ಕೆ. ಹೆಂಗಸರಿಗೆ ಪುಕ್ಕಟೆಯಾದ ಸರ್ಕಾರಿ ಬಸ್ಸು ಆಗಲೇ ಹೊರಟುಹೋಗಿತ್ತು. ತಲಾ ಐವತ್ತು ರೂಪಾಯಿ ಕೊಟ್ಟು ಖಾಸಗಿ ಬಸ್ಸು ಹತ್ತಿದೆವು. ಮೂವತ್ತಾರು ಕಿಲೋಮೀಟರ್ ದಾರಿ, ಜಿನುಗುವ ಮಳೆ. ತಡವಾದರೆ ಏನು ಗತಿ ಎಂದು ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ.

ಡ್ರೈವರ್ ಹರೀಶ ಇವರಿಂದಲೇ ಬಸ್ಸು ಓಡಿಸಲು ಕಲಿತವನು. ಸನ್ಮಾನದ ಸುದ್ದಿ ಕೇಳಿ ಹಿಗ್ಗಿ, ನಮ್ಮನ್ನು ತನ್ನ ಪಕ್ಕದ ಉದ್ದ ಸೀಟಿನಲ್ಲಿ ಕೂರಿಸಿದ. ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ತನ್ನ ಜವಾಬ್ದಾರಿ ಎಂದ. ಜಾಲ್ಸೂರಿನಲ್ಲಿ ಜನ ಕೈ ತೋರಿಸಿದರೂ ಬಸ್ಸು ನಿಲ್ಲಲಿಲ್ಲ. ಗೌರವದ ಭರದಲ್ಲಿ ಈ ಪುಣ್ಯಾತ್ಮ ನಮ್ಮನ್ನು ನೇರ ಮೇಲಕ್ಕೇ ಕಳಿಸುತ್ತಾನೆ ಎನಿಸಿತು. ಇಲ್ಲದ ಬ್ರೇಕನ್ನು ಇವರ ಬಲಗಾಲು ಒತ್ತುತ್ತಲೇ ಇತ್ತು.

ಕನಕಮಜಲು ದಾಟಿದ ಮೇಲೆ ತಿರುವಿನಲ್ಲೇ ಲಾರಿಯೊಂದನ್ನು ಹಿಂದೆ ಹಾಕಲು ಹೋದ. ಎದುರು ಬಂದ ರಿಕ್ಷಾ ಚರಂಡಿಯ ಅಂಚಿಗೆ ಇಳಿದು ಬಚಾವಾಯಿತು. ಇವರು ಎದ್ದು ನಿಂತರು.

"ಬದಿಗೆ ಹಾಕು ಹರೀಶ. ನಾವು ಇಲ್ಲಿ ಇಳಿಯುದು."

"ಎಂತಕ್ಕೆ ಅಣ್ಣ? ಹನ್ನೊಂದಕ್ಕೆ ಮುಟ್ಟಿಸ್ತೇನೆ."

"ಹೀಗೆ ಹೋಗಿ ಹಾರ ಹಾಕಿಸಿಕೊಳ್ಳಲಿಕ್ಕೆ ನನಗೆ ಮುಖ ಉಂಟಾ ಮಾರಾಯ?"

ಹರೀಶ ಬಸ್ಸು ನಿಲ್ಲಿಸಿದ. ಅವನ ಕೈ ನಡುಗುತ್ತಿತ್ತು. ಆ ಕೈಗೆ ನಲವತ್ತು ಜನರನ್ನು ಒಪ್ಪಿಸಿ ಇಳಿದುಹೋಗಲು ಇವರಿಗೆ ಮನಸ್ಸಾಗಲಿಲ್ಲ. ನೀರು ಕುಡಿಸಿ, ನಡುಕ ನಿಲ್ಲುವವರೆಗೆ ಪಕ್ಕದಲ್ಲೇ ಕೂತರು. ಹಿಂದಿನವರು ಗೊಣಗಿದರು.

ಪುತ್ತೂರು ಮುಟ್ಟುವಾಗ ಹನ್ನೊಂದೂಮುಕ್ಕಾಲು. ಇವರ ಹೆಸರನ್ನು ಎರಡು ಸಲ ಕೂಗಿ ಕೈಬಿಟ್ಟಿದ್ದರಂತೆ. ಸಂಘಟಕರೊಬ್ಬರು ಕೊನೆಗೆ ಕರೆದು ಫಲಕ ಕೊಟ್ಟು, ಸಮಯಪಾಲನೆಯೂ ಚಾಲಕನ ಧರ್ಮವಲ್ಲವೇ ಎಂದು ಮೈಕಿನಲ್ಲೇ ತಮಾಷೆ ಮಾಡಿದರು. ಸಭೆ ನಕ್ಕಿತು. ನನಗೆ ಮೈ ಉರಿಯಿತು. ಹರೀಶನ ಹೆಸರು ಹೇಳಲು ಎದ್ದೆ; ಇವರು ಕಣ್ಣಲ್ಲೇ ತಡೆದರು. ಹೇಳಿದ್ದರೆ ಅವನ ಕೆಲಸ ಉಳಿಯುತ್ತಿರಲಿಲ್ಲ. ತಪ್ಪು ತನ್ನದೇ ಎಂದು ಕೈಮುಗಿದರು.

ಊಟದ ಪಾಯಸವನ್ನು ನಾನು ಎಲೆಯಲ್ಲೇ ಬಿಟ್ಟೆ. ಮೂರು ಗಂಟೆಗೆ ಸ್ಟ್ಯಾಂಡಿಗೆ ಬಂದರೆ ಸುಳ್ಯಕ್ಕೆ ಹೊರಟು ನಿಂತದ್ದು ಹರೀಶನದೇ ಬಸ್ಸು. ಬೇರೆಯದಕ್ಕೆ ಕಾಯೋಣವೆಂದೆ. ಇವರು ಕೇಳದೆ ಹತ್ತಿದರು. ಕುಂಬ್ರದ ಬಳಿ ಹಿಂದಿನಿಂದ ಹಾರ್ನ್ ಹೊಡೆದ ಕಾರಿಗೆ ಹರೀಶ ಸುಮ್ಮನೆ ದಾರಿ ಬಿಟ್ಟ. ಆದರೂ ನಾನು ಸರಳನ್ನು ಬಿಗಿಯಾಗಿ ಹಿಡಿದು, ಒಂದೊಂದು ತಿರುವು ಕಳೆದಾಗಲೂ ದೇವರನ್ನು ನೆನೆಯುತ್ತಿದ್ದೆ.

ಅಮ್ಚಿನಡ್ಕ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ಭಾರ ಬಿತ್ತು. ಇನ್ನೊಬ್ಬರು ಓಡಿಸುವ ಬಸ್ಸಿನಲ್ಲಿ ಒಮ್ಮೆಯೂ ಕಣ್ಣು ಮುಚ್ಚದ ಮನುಷ್ಯ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.