ಎದುರು ಮನೆಯ ಭಟ್ಟರ ಸಹಿ

ವಾಸುದೇವ ಭಟ್ಟರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕರೋಲ್ ಬಾಗ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ನಲವತ್ತು ವರ್ಷ ಗ್ರೈಂಡರು, ಪಾತ್ರೆಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವರ ಗಂಟಲು ಆ ಮಟ್ಟದಲ್ಲೇ ನಿಂತುಬಿಟ್ಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು, ಘಾಜಿಯಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿದ್ದ ಮಗ ಸುಧೀರನ ಮನೆಗೆ ಬಂದರು. ಅವರು ಸೊಸೆಗೆ "ಒಂದು ಲೋಟ ನೀರು ಕೊಡು" ಅಂದರೆ, ಎದುರು ಮನೆಯಲ್ಲಿದ್ದ ನನಗೇ ಎದ್ದು ನೀರು ತರಬೇಕೆನ್ನಿಸುತ್ತಿತ್ತು.

ಅಂಥ ಗಂಟಲಿನ ಮನುಷ್ಯ, ಬಾಯಿ ತೆರೆಯಲೇಬೇಕಾಗಿದ್ದ ಒಂದು ದಿನ ಬಾಯಿ ತೆರೆಯಲಿಲ್ಲ. ಅವರನ್ನು ನೆನೆದಾಗೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. ಪ್ರೀತಿ ಅದರ ಹಿಂದೆಯೇ ಬರುತ್ತದೆ, ಆದರೆ ಸಿಟ್ಟನ್ನು ದಾಟಿಕೊಂಡು ಬರಬೇಕು.

ನಮ್ಮ ಪರಿಚಯವಾದದ್ದೇ ಜಗಳದಲ್ಲಿ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಬಾಗಿಲು ತೆರೆದಿತ್ತು. ಊಟದ ಮೇಜಿನ ಸುತ್ತ ನನ್ನ ನಾಲ್ಕು ಮಕ್ಕಳು. ಹಿರಿಯವಳು ಹನ್ನಾ ವ್ಯಾಕರಣ ಬರೆಯುತ್ತಿದ್ದಳು, ಜೋಯಲ್ ಗುಣಾಕಾರದ ಮುಂದೆ ಮುಖ ಊದಿಸಿಕೊಂಡಿದ್ದ, ಕೃಪಾ ಬಣ್ಣ ಹಚ್ಚುತ್ತಿದ್ದಳು, ಒಂದೂವರೆ ವರ್ಷದ ಮೀಕ ಮೇಜಿನ ಕೆಳಗೆ ಒಂದು ಪೆನ್ಸಿಲ್ ಅಗಿಯುತ್ತಿದ್ದ. ಭಟ್ಟರು ಹೊಸ್ತಿಲಲ್ಲಿ ನಿಂತು ಕೇಳಿದರು, "ಎಂತ, ನಾಲ್ಕು ಮಕ್ಕಳಿಗೂ ಜ್ವರವಾ?"

"ಇಲ್ಲ ಭಟ್ರೇ, ಇವರು ಮನೆಯಲ್ಲೇ ಓದೋದು."

"ಮನೆಯಲ್ಲಿ ಓದುದಾ? ಮನೆಯಲ್ಲಿ ಊಟ ಮಾಡುದು, ಮಲಗುದು. ಓದುದು ಶಾಲೆಯಲ್ಲಿ!"

ಈ ಮಾತನ್ನು ನಾನು ಅತ್ತೆಯಿಂದ, ಅಣ್ಣನಿಂದ, ತಿಂಗಳಿಗೊಮ್ಮೆ ಕನ್ನಡ ಆರಾಧನೆಗೆ ಸೇರುವ ನಮ್ಮ ಚರ್ಚಿನ ಸಭೆಯವರಿಂದ ಕೇಳಿ ಕೇಳಿ ರೋಸಿಹೋಗಿದ್ದೆ. ಹಾಗಾಗಿ ಅವರನ್ನು ಒಳಗೆ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಹನ್ನಾ ಎರಡನೇ ಕ್ಲಾಸಿನಲ್ಲಿದ್ದಾಗ ಬಾತ್‌ರೂಮಿಗೆ ಹೋಗಬೇಕೆಂದು ಎರಡು ಸಲ ಕೈ ಎತ್ತಿದ್ದಳು. ಪಾಠ ಮುಗಿಯುವ ತನಕ ಬಿಡುವುದಿಲ್ಲ ಎಂದಳು ಟೀಚರು. ಮಗುವಿನ ಫ್ರಾಕು ಒದ್ದೆಯಾಯಿತು. ಆಮೇಲೆ ಅವಳನ್ನು ಗಂಟೆ ಹೊಡೆಯುವ ತನಕ ಬಾಗಿಲ ಬಳಿ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ್ದರು. ಕೇಳಲು ಹೋದ ನನಗೆ, "ಮಕ್ಕಳು ಶಿಸ್ತು ಕಲಿಯಬೇಕಲ್ಲ ಮೇಡಂ" ಎಂದು ನಗುತ್ತ ಹೇಳಿದರು. ಅದಾದ ಮೇಲೆ ಮೂರು ತಿಂಗಳು ಈ ಹುಡುಗಿ ಬೆಳಿಗ್ಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ನಾನೂ ನನ್ನ ಗಂಡ ಪ್ರಕಾಶನೂ ಪ್ರಾರ್ಥನೆ ಮಾಡಿ, ಅತ್ತು, ಜಗಳವಾಡಿ, ಕೊನೆಗೆ ಅವಳನ್ನು ಬಿಡಿಸಿದೆವು. ಉಳಿದವರನ್ನು ಕಳಿಸಲೇ ಇಲ್ಲ. ದಿನ ದೇವರ ಹೆಸರಿನಿಂದ ಶುರುವಾಗಲಿ ಎಂಬ ಆಸೆಯೂ ನಮಗಿತ್ತು, ಅದನ್ನೂ ಮುಚ್ಚಿಡಲಿಲ್ಲ.

ಭಟ್ಟರು ಪಂಚೆ ಎತ್ತಿ ಕಟ್ಟಿ ಎದ್ದು ನಿಂತರು. "ಯಾವ ಶಾಲೆ ಅದು? ನಡಿ, ಈಗಲೇ ಹೋಗುವ!"

"ಮೂರು ವರ್ಷ ಆಯ್ತು ಭಟ್ರೇ."

"ಮೂರು ವರ್ಷ ಆದ್ರೆ ತಪ್ಪು ಸರಿ ಆಗ್ತದಾ?" ಎಂದು ಗುಡುಗಿದವರು ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿದರು. "ಆದ್ರೆ ನೀನು ಮಾಡಿದ್ದೂ ಸರಿಯಲ್ಲ ಮಾರಾಯ್ತಿ. ಒಬ್ಬಳು ಟೀಚರು ಹಾಳು ಅಂತ ಶಾಲೆಯೇ ಬೇಡ್ವಾ? ನನ್ನನ್ನು ಐದನೇ ಕ್ಲಾಸಿಗೇ ಬಿಡಿಸಿದ್ರು. ಇವತ್ತಿಗೂ ಯೂನಿಫಾರ್ಮ್ ಹಾಕಿದ ಮಕ್ಕಳು ಕಂಡ್ರೆ ನನ್ನ ಹೊಟ್ಟೆ ಉರಿತದೆ. ಸಿಕ್ಕಿದ್ದನ್ನು ನೀನು ಬಿಟ್ಟುಕೊಡುದಾ?"

ಮರುದಿನ ಮತ್ತೆ ಬಂದರು. ಮಕ್ಕಳು ನಿಜವಾಗಿಯೂ ಓದುತ್ತಾರೋ ಇಲ್ಲವೋ ತನಿಖೆ ಮಾಡಲು ಅಂತೆ. ಆ ತನಿಖೆ ಎರಡು ವರ್ಷ ನಡೆಯಿತು.

ಅವರು ಗುಣಾಕಾರ ಕಲಿಸಿದ್ದು ಇಡ್ಲಿಯಲ್ಲಿ. "ಒಂದು ತಟ್ಟೆಗೆ ಹದಿನಾರು ಇಡ್ಲಿ. ಏಳು ತಟ್ಟೆ. ಎಷ್ಟು? ಬೇಗ ಹೇಳು, ಗಿರಾಕಿ ಕೂತಿದ್ದಾನೆ!" ಎಂದು ಅವರು ಅಬ್ಬರಿಸಿದರೆ, ನನ್ನ ಮುಂದೆ ಅರ್ಧ ಗಂಟೆ ಗೊಣಗುತ್ತಿದ್ದ ಜೋಯಲ್ "ನೂರಾ ಹನ್ನೆರಡು!" ಎಂದು ಕುರ್ಚಿಯಿಂದ ಜಿಗಿಯುತ್ತಿದ್ದ. ಕೃಪಾಳಿಗೆ ಸ್ಟೀಲ್ ತಟ್ಟೆಯಲ್ಲಿ ರವೆ ಹರಡಿ ಕನ್ನಡ ಅಕ್ಷರ ತಿದ್ದಿಸಿದರು. ಭ ಬರೆಯುವಾಗ ಅದರ ಹೊಟ್ಟೆಯನ್ನು ವಿಪರೀತ ದೊಡ್ಡದು ಮಾಡುತ್ತಿದ್ದರು. ಅವಳೂ ಹಾಗೆಯೇ ಕಲಿತಳು. ಒಮ್ಮೆ ನಾವು ಬೆಳಗಿನ ಪ್ರಾರ್ಥನೆಯಲ್ಲಿದ್ದಾಗ ಬಂದವರು, ಚಪ್ಪಲಿ ಬಿಟ್ಟು ಬಾಗಿಲಲ್ಲೇ ಕೈಮುಗಿದು ನಿಂತರು. ನಾವು ಆಮೆನ್ ಅಂದದ್ದೇ ತಡ, "ಮುಗೀತಾ? ಜೋಯಲಾ, ಹದಿನೇಳು ಎಂಟ್ಲಿ?" ಎಂದರು. ಮಕ್ಕಳು ನಕ್ಕು ನಕ್ಕು ಸಾಕಾದರು. ಅಷ್ಟಾದರೂ ಹೊರಡುವಾಗ ದಿನವೂ ಒಂದೇ ಮಾತು: "ಎಲ್ಲ ಸರಿ, ಆದ್ರೂ ಶಾಲೆಗೆ ಕಳಿಸು."

ಬುಧವಾರ ಮಧ್ಯಾಹ್ನ ಅಪಾರ್ಟ್‌ಮೆಂಟಿನ ಐದಾರು ಮಕ್ಕಳು ಶಾಲೆ ಮುಗಿಸಿ ನಮ್ಮಲ್ಲಿಗೆ ಬರುತ್ತಿದ್ದರು. ಕಾಗದದ ಗೊಂಬೆ ಮಾಡುವುದು, ಹತ್ತಿಯಲ್ಲಿ ರಾಜ್ಮಾ ಮೊಳಕೆ ಬರಿಸುವುದು, ಇಂಥವು. ಭಟ್ಟರು ಕಡಲೆಕಾಯಿ ಚಿಕ್ಕಿಯ ಪೊಟ್ಟಣ ಹಿಡಿದು ತಪ್ಪದೆ ಹಾಜರಾಗಿ ಎಲ್ಲರಿಗೂ ಹಂಚುತ್ತಿದ್ದರು.

ಎರಡನೆಯ ವರ್ಷದ ಡಿಸೆಂಬರಿನಲ್ಲಿ ನನ್ನ ಮಕ್ಕಳು ಬಾಲ್ಕನಿಯ ಬಾಗಿಲು ತೆರೆದಿಟ್ಟು ಕ್ರಿಸ್ಮಸ್ ಹಾಡುಗಳನ್ನು ಅಭ್ಯಾಸ ಮಾಡಿದರು. ಬುಧವಾರದ ಮಕ್ಕಳಲ್ಲೊಬ್ಬಳು ಅವುಗಳಲ್ಲೊಂದನ್ನು ಗುನುಗುತ್ತ ಮನೆಗೆ ಹೋದಳು. ಇಷ್ಟೇ ನಡೆದದ್ದು. ಜನವರಿಯಲ್ಲಿ ಸೊಸೈಟಿಯ ಸೆಕ್ರೆಟರಿ ಸಭೆ ಕರೆದ. "ಇವರ ಮಕ್ಕಳು ಶಾಲೆಗೆ ಹೋಗುವುದಿಲ್ಲ. ನಮ್ಮ ಮಕ್ಕಳನ್ನು ಸೇರಿಸಿಕೊಂಡು ಏನು ಕಲಿಸುತ್ತಿದ್ದಾರೆ?" ಎಂದು ಎಲ್ಲರ ಮುಂದೆ ಹಿಂದಿಯಲ್ಲಿ ಕೇಳಿದ. ರಾಜ್ಮಾ ಮೊಳಕೆಯ ಕತೆ ಹೇಳಿದೆ. ಯಾರೋ ನಕ್ಕರು. ಮೂರನೇ ಸಾಲಿನಲ್ಲಿ ಸುಧೀರನ ಪಕ್ಕ ಭಟ್ಟರು ಕೂತಿದ್ದರು. "ಭಟ್ ಅಂಕಲ್ ಪ್ರತಿ ಬುಧವಾರ ನಮ್ಮಲ್ಲೇ ಇರುತ್ತಾರೆ. ಅವರನ್ನೇ ಕೇಳಿ," ಎಂದೆ.

ಎಲ್ಲರೂ ತಿರುಗಿ ನೋಡಿದರು. ಭಟ್ಟರು ತಮ್ಮ ಮೊಣಕಾಲುಗಳನ್ನೇ ನೋಡುತ್ತಿದ್ದರು. ಸುಧೀರ ಮೆಲ್ಲಗೆ ಎದ್ದು, "ಪಿತಾಜಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ," ಎಂದ.

ನಾಲ್ಕನೇ ಮಹಡಿಯಲ್ಲಿ ಚಮಚ ಬಿದ್ದರೆ ಯಾರ ಮನೆಯದು ಎಂದು ಹೇಳಬಲ್ಲ ಮನುಷ್ಯ! ತಲೆ ಎತ್ತಲಿಲ್ಲ.

ಹತ್ತು ದಿನದ ಮೇಲೆ ಠಾಣೆಯಿಂದ ಇಬ್ಬರು ಬಂದರು. ನಮ್ಮ ಸೋಫಾದಲ್ಲಿ ಕೂತು ಮಕ್ಕಳ ನೋಟ್‌ಬುಕ್ಕುಗಳ ಹಾಳೆಗಳನ್ನು ಒಂದೊಂದೇ ತಿರುಗಿಸಿದರು. ಹನ್ನೆರಡು ವರ್ಷದ ಹನ್ನಾಳನ್ನು ಹತ್ತಿರ ಕರೆದು, "ಬೇಟಾ, ಬೇರೆ ಮಕ್ಕಳಿಗೆ ಮಮ್ಮಿ ಮಿಠಾಯಿ ಕೊಟ್ಟು ಪ್ರಾರ್ಥನೆ ಮಾಡಿಸ್ತಾರಾ?" ಎಂದು ಕೇಳಿದರು. ನನ್ನ ಮೈಯೆಲ್ಲ ಉರಿಯಿತು. ದೂರಿನ ಪ್ರತಿ ತೋರಿಸಿ ಎಂದೆ. ಹಿಂದಿಯಲ್ಲಿ ಒಂದು ಪುಟ, ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಹಿ. ಏಳನೆಯ ಸಹಿಯ ಮೇಲೆ ಪೊಲೀಸಿನವನು ಬೆರಳಿಟ್ಟು, "ಯೇ ಕೌನ್ ಸೀ ಭಾಷಾ ಹೈ?" ಎಂದ.

"ಕನ್ನಡ," ಎಂದೆ.

ವಾ. ಭಟ್. ಭ ದ ಹೊಟ್ಟೆ ದೊಡ್ಡದಾಗಿತ್ತು.

ಅವರು ಹೋದ ಕೂಡಲೇ ಎದುರು ಮನೆಗೆ ಹೋದೆ. ಭಟ್ಟರು ಒಬ್ಬರೇ ಇದ್ದರು. "ಸಹಿ ಹಾಕಿದ್ರಾ?"

"ಹಾಕಿದೆ."

"ಏನು ಬರೆದಿದೆ ಅಂತ ಓದಿದ್ರಾ?"

"ಹಿಂದಿ ಓದ್ಲಿಕ್ಕೆ ನನಗೆ ಎಲ್ಲಿ ಬರ್ತದೆ? ಮಕ್ಕಳು ಶಾಲೆಗೆ ಹೋಗ್ಬೇಕು ಅಂತ ಅರ್ಜಿ ಅಂದ ಸುಧೀರ. ಅದು ನಾನು ನಿನಗೆ ದಿನಾ ಹೇಳುದೇ ಅಲ್ವಾ? ಮತ್ತೆ... ಅವನು ಇಲ್ಲಿ ಬದುಕ್ಬೇಕಲ್ಲ ಸುನೀತಾ, ಎಲ್ಲರೂ ಹಾಕಿದ ಮೇಲೆ."

"ನಾನು ಮಿಠಾಯಿ ಕೊಟ್ಟು ಮಕ್ಕಳ ಧರ್ಮ ಕೆಡಿಸ್ತೇನೆ ಅಂತ ಬರೆದಿದ್ದಾರೆ ಭಟ್ರೇ. ಮಿಠಾಯಿ! ಹಂಚಿದ್ದು ಯಾರು?"

ಜೋಯಲ್ ಒಂದು ಸೊನ್ನೆ ತಪ್ಪಿದರೆ ಇಡೀ ಲೆಕ್ಕ ಮತ್ತೆ ಬರೆಸುತ್ತಿದ್ದ ಈ ಮನುಷ್ಯ, ಓದಲು ಬಾರದ ಕಾಗದಕ್ಕೆ ಹೆಸರು ಬರೆದು ಕೊಟ್ಟಿದ್ದರು. ನಾನು ಬಂದು ನಮ್ಮ ಬಾಗಿಲು ಹಾಕಿಕೊಂಡೆ.

ವಿಚಾರಣೆಯಲ್ಲಿ ಏನೂ ಇರಲಿಲ್ಲ, ಏನೂ ಆಗಲೂ ಇಲ್ಲ. ಆದರೆ ಬುಧವಾರದ ಮಕ್ಕಳು ಬರುವುದು ನಿಂತಿತು. ಲಿಫ್ಟಿನಲ್ಲಿ ನಮ್ಮನ್ನು ಕಂಡರೆ ಕೆಲವರು ಮುಂದಿನ ಲಿಫ್ಟಿಗೆ ಕಾಯತೊಡಗಿದರು. ಬಾಡಿಗೆಯ ಕರಾರು ಮುಗಿದ ಮೇಲೆ ಮುಂದುವರಿಸುವುದಿಲ್ಲ ಎಂದು ಮನೆ ಮಾಲೀಕ ಫೋನ್ ಮಾಡಿದ. ಇಷ್ಟೆಲ್ಲ ಆದರೂ ನನಗೆ ಸೆಕ್ರೆಟರಿಯ ಮೇಲಿದ್ದದ್ದಕ್ಕಿಂತ ಭಟ್ಟರ ಮೇಲಿನ ಸಿಟ್ಟು ಹತ್ತು ಪಟ್ಟು ಹೆಚ್ಚು. ಆ ಸೆಕ್ರೆಟರಿ ನನಗೆ ಯಾರು? ಈ ಮುದುಕ ನನ್ನ ಮಕ್ಕಳಿಗೆ ಅಜ್ಜನಾಗಿದ್ದರು.

ಮಕ್ಕಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಕೃಪಾ ಮೆಟ್ಟಿಲಲ್ಲಿ ಕಂಡರೆ "ಅಜ್ಜಾ!" ಎಂದು ಓಡುತ್ತಿದ್ದಳು. ನಾನು ಕೈ ಹಿಡಿದು ಎಳೆಯುತ್ತಿದ್ದೆ. ಒಂದು ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಜೋಯಲ್ ಕೇಳಿದ, "ಮಮ್ಮಿ, ಆ ಮಾಫಿ ವಾಲಾ ಸಾಲು ಬಂದಾಗ ನಿನ್ನ ವಾಯ್ಸ್ ಯಾಕೆ ಬಂದ್ ಆಗತ್ತೆ?" ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲದು. "ನಿನ್ನ ಪುಸ್ತಕ ತೆಗಿ," ಎಂದು ರೇಗಿದೆ. ಆ ದಿನ ಇಡೀ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಅವಮಾನ ನನಗೆ ಮಾಡಿ, ಕ್ಷಮಿಸುವ ಕೆಲಸವನ್ನೂ ನನ್ನ ತಲೆಗೇ ಕಟ್ಟುವುದು ಯಾವ ನ್ಯಾಯ ಎಂದು ದೇವರನ್ನೇ ಕೇಳಿದೆ.

ಜೂನ್ ತಿಂಗಳಲ್ಲಿ ನಾವು ಸಾಮಾನು ಕಟ್ಟುತ್ತಿದ್ದಾಗ ಭಟ್ಟರು ಬಂದು ಹೊರಗೇ ನಿಂತರು. "ಹನ್ನಾಳಿಂದ ಒಂದು ಕೆಲಸ ಆಗ್ಬೇಕಿತ್ತು," ಎಂದರು. ಕೈಯಲ್ಲಿ ಗೆರೆ ಹಾಕಿದ ಒಂದು ಹಾಳೆ. ಅದರಲ್ಲಿ ಕನ್ನಡದಲ್ಲಿ ಬರೆದಿದ್ದರು: "ನಾನು ಓದದೆ ಸಹಿ ಹಾಕಿದ್ದು. ಅದರಲ್ಲಿ ಬರೆದದ್ದು ಸುಳ್ಳು. ಈ ಮಕ್ಕಳು ಓದುತ್ತಾರೆ, ನಾನು ನೋಡಿದ್ದೇನೆ. ಚಿಕ್ಕಿ ಕೊಟ್ಟದ್ದು ನಾನು." ಇದನ್ನು ಹಿಂದಿಗೆ ಮಾಡಿಕೊಡಬೇಕಂತೆ. ಠಾಣೆಗೆ ಕೊಡಬೇಕಂತೆ.

ಹನ್ನಾ ಕಟ್ಟಿಟ್ಟ ರಟ್ಟಿನ ಡಬ್ಬದ ಮೇಲೆ ಹಾಳೆ ಇಟ್ಟು ಬರೆಯಲು ಕೂತಳು. "ಅಜ್ಜ, ಸುಳ್ಳು ಅನ್ನೋದಕ್ಕೆ ಬರೀ ತಪ್ಪು ಅನ್ನೋ ಹಾಗೆ ಗಲತ್ ಅಂತ ಬರೀಲಾ, ಝೂಟ್ ಅಂತ ಬರೀಲಾ?"

"ಝೂಟ್. ದೊಡ್ಡದಾಗಿ ಬರಿ."

ಸಹಿ ಹಾಕಿ, ಹಾಳೆ ಮಡಚಿ ಅವರು ನನ್ನ ಕಡೆ ನೋಡಿದರು. "ನೀನೂ ಬಾ ಮಾರಾಯ್ತಿ. ಪೊಲೀಸರ ಮುಂದೆ ನನಗೆ ಮಾತು ಹೊರಡುದಿಲ್ಲ."

"ಆ ಸಹಿ ಹಾಕುವಾಗ ನನ್ನನ್ನು ಕರೆದಿದ್ರಾ?" ಎಂದೆ.

ಅವರು ತಲೆಯಾಡಿಸಿ ಇಳಿದು ಹೋದರು. ಹೊರಗೆ ಬೆಂಕಿಯಂಥ ಗಾಳಿ ಬೀಸುತ್ತಿತ್ತು. ಅಜ್ಜ ಇ-ರಿಕ್ಷಾ ಹತ್ತಿದರು ಎಂದು ಹನ್ನಾ ಬಾಲ್ಕನಿಯಿಂದ ವರದಿ ಮಾಡಿದಳು. ಎರಡು ಗಂಟೆಯ ಮೇಲೆ ಮುಖವೆಲ್ಲ ಕೆಂಪಾಗಿ ಮರಳಿದರು. ಫೈಲು ಮುಚ್ಚಿ ತಿಂಗಳುಗಳಾದವು, ಈಗ ಇದೆಲ್ಲ ಯಾಕೆ ಎಂದು ಅವರ ಕಾಗದವನ್ನು ಠಾಣೆಯವರು ತೆಗೆದುಕೊಳ್ಳಲೇ ಇಲ್ಲ. "ಅಕ್ಷರ ಚಂದ ಉಂಟು ಅಂದ್ರು," ಎಂದಷ್ಟೇ ಹನ್ನಾಳಿಗೆ ಹೇಳಿ, ಹಾಳೆಯನ್ನು ಅವಳ ಕೈಗೆ ಕೊಟ್ಟು ತಮ್ಮ ಮನೆಗೆ ಹೋದರು. ನಾನು ಒಳಗೆ ಪಾತ್ರೆಗಳಿಗೆ ಪೇಪರ್ ಸುತ್ತುತ್ತಿದ್ದೆ. ಹೊರಗೆ ಬರಲಿಲ್ಲ. ಸಭೆಯಲ್ಲಿ ಹೇಳಬೇಕಾದದ್ದನ್ನು ಯಾರಿಗೂ ಬೇಡವಾದ ಮೇಲೆ ಹೇಳಿದರೆ ಏನು ಬಂತು ಎಂದು ಇನ್ನಷ್ಟು ಸಿಟ್ಟಾದೆ.

ನಾವು ಊರಿನ ಇನ್ನೊಂದು ಬದಿಗೆ ಹೋದೆವು. ಚಳಿಗಾಲದಲ್ಲಿ ಭಟ್ಟರು ತೀರಿಕೊಂಡ ಸುದ್ದಿ ಬಂತು. ನಿದ್ದೆಯಲ್ಲೇ ಹೋದರಂತೆ.

ಹದಿಮೂರನೆಯ ದಿನ ಮಕ್ಕಳನ್ನು ಕರೆದುಕೊಂಡು ಹೋದೆ. ಹಳೆಯ ಮುಖಗಳೆಲ್ಲ ಇದ್ದವು. ಸೆಕ್ರೆಟರಿ ಮುಂದಿನ ಕುರ್ಚಿಯಲ್ಲಿ ಕೂತು, ಭಟ್‌ಜಿ ಎಂಥ ಸರಳ ಮನುಷ್ಯ, ಸೊಸೈಟಿಯ ಎಲ್ಲ ಕೆಲಸಕ್ಕೂ ಜೊತೆಗಿದ್ದರು ಎಂದು ಹೊಗಳುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಆ ಕಾಗದಕ್ಕೆ ಅವರು ಓದದೆ ಸಹಿ ಹಾಕಿದ್ದು," ಎಂದು ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲೇ ಹೇಳಿದೆ. "ಅದು ಸುಳ್ಳು ಅಂತ ಬರೆದುಕೊಡಲು ಆ ಬಿಸಿಲಲ್ಲಿ ಒಬ್ಬರೇ ಠಾಣೆಗೆ ಹೋಗಿದ್ದರು. ಅದನ್ನೂ ಹೇಳಿ."

ನಾನು ಮಕ್ಕಳ ಕೈ ಹಿಡಿದು ಹೊರಬಿದ್ದೆ. ಮೂರನೇ ಮಹಡಿಯ ತಿರುವಿನಲ್ಲಿ ಸುಧೀರ ಹಿಂದಿನಿಂದ ಓಡಿ ಬಂದ. ತಲೆ ಬೋಳಿಸಿದ್ದ ಅವನ ಗುರುತೇ ಒಂದು ಕ್ಷಣ ಸಿಗಲಿಲ್ಲ.

"ಯಾವತ್ತು ದೀದಿ? ಠಾಣೆಗೆ ಯಾವತ್ತು ಹೋಗಿದ್ರು?"

"ಜೂನಿನಲ್ಲಿ. ನಾವು ಮನೆ ಬಿಡುವ ಹಿಂದಿನ ದಿನ."

ಅವನು ಕಂಬಿ ಹಿಡಿದುಕೊಂಡ. "ಆ ದಿನ ಅವರಿಗೆ ತಲೆ ಸುತ್ತು ಬಂದು ಬಿದ್ದಿದ್ರು. ಇಷ್ಟು ಗರ್ಮಿಯಲ್ಲಿ ಎಲ್ಲಿ ಅಲೀತೀರಿ, ಅಕಲ್ ಇಲ್ವಾ ಅಂತ ನಾನು ತುಂಬಾ ಬೈದೆ. ಸುಮ್ಮನೆ ಕೇಳಿಸ್ಕೊಂಡ್ರು. ಏನೂ ಹೇಳ್ಲಿಲ್ಲ."

ಅವನಿಗೆ ಹೇಳಬೇಕೆಂದು ಒಂದು ವರ್ಷ ಒಳಗೇ ಕಾಯಿಸಿಟ್ಟಿದ್ದ ಮಾತುಗಳು ಎಷ್ಟೋ ಇದ್ದವು. ಬಾಯಿಗೆ ಬಂದದ್ದು ಬೇರೆ. "ಜೊತೆಗೆ ಬಾ ಅಂತ ನನ್ನನ್ನು ಕರೆದಿದ್ರು ಸುಧೀರ. ನಾನು ಹೋಗಲಿಲ್ಲ."

ಮೇಲಿನಿಂದ ಯಾರೋ ಎಲೆ ಹಾಕಿದೆ ಎಂದು ಕರೆದರು. "ಊಟ ಮಾಡಿ ಹೋಗಿ ದೀದಿ," ಎಂದ. ನಾನು ಮೀಕನನ್ನು ಎತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತಿದೆ. ನಾಲ್ಕು ಮಕ್ಕಳನ್ನೂ ಸಾಲಾಗಿ ಕೂರಿಸಿ, ಸೆಕ್ರೆಟರಿಯ ಎದುರಿನ ಎಲೆಯಲ್ಲೇ ಕೂತು, ಮಕ್ಕಳೊಂದಿಗೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಪಾಯಸದ ತನಕ ಊಟ ಮಾಡಿದೆ.