ಗಿರಣಿಯ ತುಟಿಮಾತು

ಬುಗುರಿ ಎಂದರೆ ಆ ನೂಲಿನ ಗಿರಣಿಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಸಾಲು ಕದಿರುಗಳ ನಡುವೆ ಗಿರ್ರನೆ ಸುತ್ತುತ್ತ, ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಸುತ್ತಿದ್ದವಳಿಗೆ ಅವಳ ಅಕ್ಕನೇ ಇಟ್ಟ ಹೆಸರದು. ಅಕ್ಕನದು ಎದುರಿನ ಯಂತ್ರ. ಆ ಸದ್ದಿನಲ್ಲಿ ಕಿವಿಯ ಬಳಿ ನಗಾರಿ ಬಾರಿಸಿದರೂ ಕೇಳದು. ಹಾಗಾಗಿ ಎಲ್ಲರೂ ದನಿಯಿಲ್ಲದೆ ಬರೀ ತುಟಿ ಅಲ್ಲಾಡಿಸಿ ಮಾತಾಡುತ್ತಿದ್ದರು. ಅತ್ತೆಯ ಚಾಡಿ, ಗಂಡನ ಗೊರಕೆ, ಮೇಸ್ತ್ರಿಯ ಮೀಸೆ, ಎಲ್ಲವೂ ತುಟಿಯಲ್ಲೇ. ಹೊರಗೆ ಬಂದರೆ ಮಾತ್ರ ಪಜೀತಿ. ಕಿವಿ ಮಂದವಾದವರು ಗುಟ್ಟು ಹೇಳಿದರೂ ಬೀದಿಗೆಲ್ಲ ಡಂಗುರ.

ಎಡವಟ್ಟಾದದ್ದೂ ಹಾಗೆಯೇ. ಗಿರಣಿ ಮುಚ್ಚಿದ ಮೇಲೆ ನಡೆದ ಬುಗುರಿಯ ಮಗಳ ಮದುವೆಯಲ್ಲಿ ಅಕ್ಕ ಅವಳ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು, ಅಥವಾ ಪಿಸುಗುಟ್ಟಿದೆನೆಂದುಕೊಂಡಳು: “ಹುಡುಗ ಬಂಗಾರ ಕಣೇ. ಆದ್ರೆ ಕಿವಿ ನೋಡು, ಮೊರದಗಲ!”

ಮದುವೆಮನೆ ಗೊಳ್ಳೆಂದಿತು. ಬುಗುರಿಯ ಮುಖ ಕೆಂಡ. ಅಂದಿನಿಂದ ಅಕ್ಕನ ಮುಖ ನೋಡುವುದನ್ನೇ ಬಿಟ್ಟಳು. ಅಕ್ಕ ಒಂದೆರಡು ಸಲ ಬಾಗಿಲವರೆಗೂ ಬಂದಳು. ತಪ್ಪಾಯಿತೆಂದು ಕೂಗಿದರೆ ಓಣಿಗೆಲ್ಲ ತಮಾಷೆ ಎಂದುಕೊಂಡಳೋ ಏನೋ, ಹಾಗೇ ಹಿಂದಿರುಗಿದಳು. ಬುಗುರಿಯೂ ಕರೆಯಲಿಲ್ಲ. ಆದರೆ ಒಲೆಯ ಮುಂದೆ ಕೂತು ಗೋಡೆಯ ಜೊತೆ ಒಬ್ಬಳೇ ತುಟಿ ಅಲ್ಲಾಡಿಸುತ್ತಿದ್ದಳು. ಅದನ್ನು ಅಳಿಯ ನೋಡಿದ್ದ.

ಮುಚ್ಚಿದ ಗಿರಣಿ ಮ್ಯೂಸಿಯಂ ಆದಾಗ ಅವನೇ ಅವಳನ್ನು ಹೊರಡಿಸಿದ. ಹೋಗಿ ನೋಡಿದರೆ ಬಾಗಿಲಲ್ಲಿ ಅಕ್ಕ! ಅವಳನ್ನು ಕರೆಸಿದ್ದೂ ಅವನೇ.

“ನಂಗೆ ಕಾಲು ನೋಯ್ತಿದೆ. ಮನೆಗೆ ಹೋಗೋಣ,” ಎಂದಳು ಬುಗುರಿ, ನೆಲ ನೋಡುತ್ತ.

“ಟಿಕೆಟ್ ತಗೊಂಡಾಯ್ತಲ್ಲ ಅತ್ತೆ. ದೊಡ್ಡತ್ತೆ ಯಂತ್ರದ ಆ ಕಡೆ ನಡೀಲಿ, ನೀವು ಈ ಕಡೆ.”

ಒಳಗೆ ನೆಲ ಕನ್ನಡಿ, ಗೋಡೆಗೆ ಹೊಸ ಸುಣ್ಣ. ಗಾಳಿಯಲ್ಲಿ ಹತ್ತಿಯ ಧೂಳಿನ ಸುಳಿವೇ ಇಲ್ಲ. ತವರಿಗೆ ಬಂದರೆ ಯಾರೂ ಗುರುತು ಹಿಡಿಯದ ಹಾಗೆ ಅನಿಸಿತು ಬುಗುರಿಗೆ. ಅಷ್ಟರಲ್ಲಿ ಯಂತ್ರ ತೋರಿಸುವವನು ಗುಂಡಿ ಒತ್ತಿದ. ಹಳೆಯ ಆರ್ಭಟ ಅಂಗಾಲಿನಿಂದ ನೆತ್ತಿಗೇರಿತು. ಸದ್ದೆದ್ದರೆ ಎದುರಿನ ಮುಖ ನೋಡುವುದು ಅವಳ ಜೀವಮಾನದ ಅಭ್ಯಾಸ. ಕಣ್ಣು ತಾನಾಗಿ ಮೇಲೆದ್ದಿತು. ಕದಿರುಗಳಾಚೆ ಅಕ್ಕನ ತುಟಿ ಅಲ್ಲಾಡುತ್ತಿತ್ತು.

‘ತಪ್ಪಾಯ್ತು ಕಣೇ ಬುಗುರಿ. ಮೆಲ್ಲಗೇ ಹೇಳ್ದೆ ಅಂದ್ಕೊಂಡಿದ್ದೆ.’

ಬುಗುರಿಗೆ ಅಳುವೂ ಬಂತು, ನಗುವೂ ಬಂತು. ತುಟಿಯಲ್ಲೇ ಹೇಳಬೇಕಾದವಳು ಸಂತೋಷಕ್ಕೆ ದನಿ ಎತ್ತಿಯೇ ಬಿಟ್ಟಳು. ಸರಿಯಾಗಿ ಆಗಲೇ ಯಂತ್ರ ನಿಂತಿತು.

“ಮೊರದಗಲವೇ ಕಣೇ ಅಕ್ಕಾ! ನಾನೂ ಮೊದ್ಲೇ ನೋಡಿದ್ದೆ!”

ಮಾತು ನಾಲ್ಕೂ ಗೋಡೆ ಮುಟ್ಟಿ ಬಂತು. ಬಂದಿದ್ದವರೆಲ್ಲ ಅಳಿಯನತ್ತ ತಿರುಗಿದರು. ಬುಗುರಿ ಸೆರಗು ಬಾಯಿಗಿಟ್ಟುಕೊಂಡಳು. ಅಳಿಯ ತನ್ನ ಎರಡೂ ಕಿವಿ ಸವರಿಕೊಂಡ.

“ಅಗಲ ಇರೋದಕ್ಕೇ ಅತ್ತೆ, ಎರಡು ಸಲವೂ ಚೆನ್ನಾಗಿ ಕೇಳಿಸ್ತು.”

ಅಕ್ಕ ಆಗಲೇ ಯಂತ್ರದವನ ಬಳಿ ಹೋಗಿದ್ದಳು. “ಇನ್ನೊಂದ್ಸಲ ಹಾಕಪ್ಪಾ, ನಮ್ಮ ಮಾತು ಇನ್ನೂ ಮುಗಿದಿಲ್ಲ,” ಎಂದಳು, ತನ್ನ ಮಟ್ಟಿಗೆ ಮೆಲ್ಲಗೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.